ಆ ಡಬ್ಬಕ್ಕೆ ಮುಚ್ಚಳ ಯಾಕೆ?

ಪ್ರಿಯ ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. ಆ ಸಾಲಿಗೆ ಆಮೇಲೆ ಬರುತ್ತೇನೆ. ಮೊದಲು ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ.

ನೀವು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ನಮ್ಮ ಪತ್ರಿಕೆಯ ಕೊನೆಯ ಪುಟದಲ್ಲಿ ಪ್ರತಿ ತಿಂಗಳು ಸಂಶೋಧನಾ ಸಂಸ್ಥೆಯ ಮುಂದಿನ ಉಪನ್ಯಾಸ, ಸೆಮಿನಾರುಗಳ ಪಟ್ಟಿ ಬರುತ್ತದಲ್ಲ, ಅದನ್ನು ನೋಡಿ ಹತ್ತನೇ ತರಗತಿಯ ಇಬ್ಬರು ಮಕ್ಕಳನ್ನು ಕರೆದುಕೊಂಡು ಒಂದು ಸೆಮಿನಾರಿಗೆ ಹೋದಿರಿ. ಪ್ರೋಟೀನುಗಳು ಮಡಚಿಕೊಳ್ಳಲು ನೆರವಾಗುವ ‘ಶಾಪರೋನ್’ಗಳ ಬಗ್ಗೆ ಮಾತು. ಮೊದಲ ಹತ್ತು ನಿಮಿಷ ಅರ್ಥವಾಯಿತು, ಆಮೇಲೆ ಏನೂ ತಲೆಗೆ ಹೋಗಲಿಲ್ಲ. ‘ಮಕ್ಕಳ ಮುಂದೆ ನಾಚಿಕೆಯಾಯಿತು. ಎಲ್ಲರಿಗೂ ಸ್ವಾಗತ ಅಂತ ಯಾಕೆ ಅಚ್ಚು ಹಾಕುತ್ತೀರಿ? ಆ ಜಾಗದಲ್ಲಿ ಬೇರೆ ಏನಾದರೂ ಕೊಡಿ’ ಎಂದು ಬರೆದಿದ್ದೀರಿ.

ನಾನು ನಿಂತಿದ್ದು ಈ ಮಾತಿನ ಹತ್ತಿರ ಅಲ್ಲ. ಪತ್ರದ ಕೊನೆಯಲ್ಲಿ ಇನ್ನೊಂದು ವಿಷಯ ಬರೆದಿದ್ದೀರಿ. ಪರದೆಯ ಮೇಲೆ ಡಬ್ಬದಂಥ ಒಂದು ಚಿತ್ರ ಬಂತು. ಹುಡುಗ ನಿಮ್ಮ ಕಿವಿಯಲ್ಲಿ ‘ಮಿಸ್, ಆ ಡಬ್ಬಕ್ಕೆ ಮುಚ್ಚಳ ಯಾಕೆ?’ ಎಂದು ಕೇಳಿದ. ನೀವು ‘ಶ್, ಸುಮ್ನಿರು’ ಅಂದಿರಿ.

ಅವತ್ತು ಆ ಹಾಲ್‌ನಲ್ಲಿ ಕೇಳಬಹುದಾಗಿದ್ದ ಒಳ್ಳೆಯ ಪ್ರಶ್ನೆಗಳಲ್ಲಿ ಅದೂ ಒಂದು. ಯಾಕೆ ಅಂತ ಹೇಳುತ್ತೇನೆ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದ ಸರಪಳಿ ಎಂದು ನೀವೇ ಪಾಠ ಮಾಡುತ್ತೀರಿ. ಆ ಸರಪಳಿ ಸರಿಯಾದ ಆಕಾರಕ್ಕೆ ಮಡಚಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ಜೀವಕೋಶದೊಳಗೆ ವಿಪರೀತ ನೂಕುನುಗ್ಗಲು. ಅರ್ಧ ಮಡಚಿದ ಸರಪಳಿಗಳಲ್ಲಿ ನೀರಿಗೆ ಒಗ್ಗದ ಜಿಡ್ಡಿನಂಥ ಭಾಗಗಳು ಹೊರಗೆ ಕಾಣುತ್ತಿರುತ್ತವೆ. ಅವು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿಬಿಡುತ್ತವೆ. ಮೊಟ್ಟೆ ಬೇಯಿಸಿದಾಗ ಬಿಳಿ ಭಾಗ ಗಟ್ಟಿಯಾಗುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದೇ. ಇದನ್ನು ತಪ್ಪಿಸಲು ಕೋಶದಲ್ಲಿ ಶಾಪರೋನ್ ಎಂಬ ಸಹಾಯಕ ಪ್ರೋಟೀನುಗಳಿವೆ. ಬ್ಯಾಕ್ಟೀರಿಯಾದಲ್ಲಿರುವ ಗ್ರೋಇಎಲ್ ಅವುಗಳಲ್ಲಿ ಒಂದು. ಏಳು ತುಂಡುಗಳ ಒಂದು ಬಳೆ, ಅದಕ್ಕೆ ಬೆನ್ನು ಕೊಟ್ಟು ಇನ್ನೊಂದು ಏಳು ತುಂಡುಗಳ ಬಳೆ. ಒಟ್ಟು ಎತ್ತರ ಸುಮಾರು 15 ನ್ಯಾನೋಮೀಟರ್. ಒಳಗೆ ಟೊಳ್ಳು. ಮೇಲೆ ಗ್ರೋಇಎಸ್ ಎಂಬ ಮುಚ್ಚಳ. ಹುಡುಗ ನೋಡಿದ ಡಬ್ಬ ಬಹುಶಃ ಇದೇ.

ಮುಚ್ಚಳ ಯಾಕೆ? ತೆರೆದಿದ್ದಾಗ ಡಬ್ಬದ ಬಾಯಿಯ ಒಳಗೋಡೆಯೂ ಜಿಡ್ಡಿನ ಸ್ವಭಾವದ್ದು. ಹಾಗಾಗಿ ಅರ್ಧ ಮಡಚಿದ ಪ್ರೋಟೀನ್ ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ಕೋಶದ ಇಂಧನವಾದ ಎಟಿಪಿಯಿಂದ ಶಕ್ತಿ ಸಿಕ್ಕಿ ಮುಚ್ಚಳ ಬಿದ್ದ ತಕ್ಷಣ ಡಬ್ಬದ ಆಕಾರ ಬದಲಾಗುತ್ತದೆ. ಒಳಗಿನ ಜಾಗ ದೊಡ್ಡದಾಗುತ್ತದೆ. ಜಿಡ್ಡಿನ ಭಾಗಗಳು ಹಿಂದೆ ಸರಿದು, ನೀರಿಗೆ ಒಗ್ಗುವ ಭಾಗಗಳು ಒಳಮುಖವಾಗುತ್ತವೆ. ಅಂಟಿಕೊಂಡಿದ್ದ ಪ್ರೋಟೀನ್ ಬಿಟ್ಟುಕೊಳ್ಳುತ್ತದೆ. ಮುಚ್ಚಳ ಇರುವುದರಿಂದ ಹೊರಗೆ ಓಡಿಹೋಗಿ ಇನ್ನೊಂದಕ್ಕೆ ಅಂಟುವ ಹಾಗಿಲ್ಲ. ಹತ್ತು ಸೆಕೆಂಡಿನ ಆಸುಪಾಸು ಅದು ಒಬ್ಬಂಟಿಯಾಗಿ, ಯಾರ ಕಾಟವೂ ಇಲ್ಲದೆ ಮಡಚಿಕೊಳ್ಳಲು ನೋಡುತ್ತದೆ. ಆಗದಿದ್ದರೆ ಮತ್ತೊಂದು ಸುತ್ತು.

ಡಬ್ಬವೂ ಮುಚ್ಚಳವೂ ಸೇರಿದ ಪೂರ್ತಿ ರಚನೆ ಪ್ರಕಟವಾಗಿದ್ದು 1997ರಲ್ಲಿ. ಈ ಕ್ಷೇತ್ರವನ್ನು ಕಟ್ಟಿದ ಫ್ರಾನ್ಜ್-ಉಲ್ರಿಚ್ ಹಾರ್ಟ್ಲ್ ಮತ್ತು ಆರ್ಥರ್ ಹಾರ್ವಿಚ್ ಅವರಿಗೆ 2011ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂತು. ಇಷ್ಟಾದರೂ ಒಂದು ಜಗಳ ಪೂರ್ತಿ ಮುಗಿದಿಲ್ಲ. ಆ ಡಬ್ಬ ಸುಮ್ನೆ ಒಂದು ಏಕಾಂತದ ಕೋಣೆಯೋ, ಅಥವಾ ಅದರ ಗೋಡೆಗಳೇ ಮಡಚುವ ಕೆಲಸಕ್ಕೆ ಕೈ ಹಾಕುತ್ತವೋ? ವರ್ಷಾನುಗಟ್ಟಲೆ ಪ್ರಯೋಗಶಾಲೆಗಳು ಇದರ ಬಗ್ಗೆ ವಾದ ಮಾಡಿಕೊಂಡು ಬಂದಿವೆ. ಮುಚ್ಚಳ ಯಾಕೆ ಎಂದು ಕೇಳಿದ ಹುಡುಗ ನೇರವಾಗಿ ಆ ಜಗಳದ ಬಾಗಿಲಿಗೇ ಹೋಗಿ ನಿಂತಿದ್ದ.

ಈಗ ನಿಮ್ಮ ದೂರಿಗೆ ಬರುತ್ತೇನೆ. ಅದರಲ್ಲಿ ಅರ್ಧ ಸರಿ ಇದೆ, ಆ ಅರ್ಧದ ಹೊಣೆ ನಮ್ಮದು. ನಾವು ಎಲ್ಲವನ್ನೂ ಒಂದೇ ಪಟ್ಟಿಗೆ ಸುರಿಯುತ್ತೇವೆ. ಓದುವವರಿಗೆ ಎಲ್ಲವೂ ‘ಉಪನ್ಯಾಸ’ ಅಂತಲೇ ಕಾಣುತ್ತದೆ. ಆದರೆ ಸಂಸ್ಥೆಯೊಳಗೆ ಅವು ಬೇರೆ ಬೇರೆ ಜಾತಿಯವು. ಪಬ್ಲಿಕ್ ಲೆಕ್ಚರ್ ಅಂದರೆ ನಮಗೆ ನಿಮಗೆ ಅಂತಲೇ ಮಾಡಿದ್ದು. ಕೊಲೊಕ್ವಿಯಂ ಅಂದರೆ ಇಡೀ ವಿಭಾಗಕ್ಕೆ. ಅಲ್ಲಿ ನಕ್ಷತ್ರದ ಮೇಲೆ ಕೆಲಸ ಮಾಡುವವರೂ ಲೇಸರ್ ಮೇಲೆ ಕೆಲಸ ಮಾಡುವವರೂ ಒಟ್ಟಿಗೆ ಕೂತಿರುತ್ತಾರೆ. ಹಾಗಾಗಿ ಒಳ್ಳೆಯ ವಕ್ತಾರರು ಮೊದಲರ್ಧವನ್ನಾದರೂ ಎಲ್ಲರಿಗೂ ತಿಳಿಯುವಂತೆ ಮಾತಾಡುತ್ತಾರೆ. ಸೆಮಿನಾರ್ ಅಂದರೆ ಒಂದೇ ಕ್ಷೇತ್ರದ ಹತ್ತಿಪ್ಪತ್ತು ಜನಕ್ಕೆ. ಜರ್ನಲ್ ಕ್ಲಬ್‌ನಲ್ಲಿ ಯಾರೋ ಬರೆದ ಪ್ರಬಂಧವನ್ನು ಒಬ್ಬರು ಬಿಡಿಸಿ ಹೇಳುತ್ತಾರೆ, ಉಳಿದವರು ಅದರಲ್ಲಿ ತೂತು ಹುಡುಕುತ್ತಾರೆ. ಥೀಸಿಸ್ ಸೆಮಿನಾರಿನಲ್ಲಿ ಒಬ್ಬ ವಿದ್ಯಾರ್ಥಿಯ ನಾಲ್ಕೈದು ವರ್ಷದ ದುಡಿಮೆ ಒಂದು ಗಂಟೆಯಲ್ಲಿ ಬಿಚ್ಚಿಕೊಳ್ಳುತ್ತದೆ. ನನಗೆ ಇದು ತುಂಬಾ ಇಷ್ಟ. ಮಾತಾಡುವವರ ಕೈ ನಡುಗುತ್ತಿರುತ್ತದೆ, ಆದರೆ ಆ ವಿಷಯದ ಮೂಲೆಮೂಲೆಯೂ ಅವರಿಗೆ ಗೊತ್ತಿರುತ್ತದೆ.

ನೀವು ಹೋಗಿದ್ದು ಹತ್ತಿಪ್ಪತ್ತು ಜನರ ಸೆಮಿನಾರಿಗೆ. ಅಲ್ಲಿ ಹತ್ತು ನಿಮಿಷ ಅರ್ಥವಾಯಿತು ಅಂದರೆ ಕಡಿಮೆ ಏನಲ್ಲ ಮೇಡಂ. ಇಂಥ ಮಾತುಗಳು ಹೆಚ್ಚಾಗಿ ನಡೆಯುವುದೇ ಹಾಗೆ. ಶುರುವಿನಲ್ಲಿ ಎಲ್ಲರಿಗೂ ಹಿನ್ನೆಲೆ, ನಡುವೆ ಕ್ಷೇತ್ರದವರಿಗೆ ವಿವರ, ಕೊನೆಯ ಕಾಲು ಗಂಟೆ ಮುಂದಿನ ಸಾಲಿನ ಮೂರ್ನಾಲ್ಕು ಜನಕ್ಕೆ. ವರ್ಷಗಟ್ಟಲೆ ಇಂಥ ಕಡೆ ಹಿಂದಿನ ಸಾಲಿನಲ್ಲಿ ಕೂತು ಬಂದವನು ನಾನು. ಪಕ್ಕದಲ್ಲಿ ಕೂತ ಪ್ರೊಫೆಸರು ಆಚೆ ಬಂದ ಮೇಲೆ ‘ನಡುವೆ ನನಗೂ ದಾರಿ ತಪ್ಪಿತು’ ಅಂದದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಅವರು ಅದನ್ನು ನಾಚಿಕೆ ಪಟ್ಟು ಹೇಳುವುದಿಲ್ಲ. ಮುಂದಿನ ವಾರ ಮತ್ತೆ ಬಂದು ಕೂತಿರುತ್ತಾರೆ.

ತಲೆಬರಹ ನೋಡಿ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವುದೂ ಕಷ್ಟ. 1993ರ ಜೂನ್‌ನಲ್ಲಿ ಕೇಂಬ್ರಿಜ್‌ನ ಐಸಾಕ್ ನ್ಯೂಟನ್ ಸಂಸ್ಥೆಯ ಪಟ್ಟಿಯಲ್ಲಿ ಮೂರು ದಿನದ ಮೂರು ಉಪನ್ಯಾಸಗಳಿದ್ದವು. ‘ಮಾಡ್ಯುಲರ್ ಫಾರ್ಮ್ಸ್, ಎಲಿಪ್ಟಿಕ್ ಕರ್ವ್ಸ್ ಅಂಡ್ ಗಾಲ್ವಾ ರೆಪ್ರೆಸೆಂಟೇಶನ್ಸ್’. ಮಾತಾಡುವವರು ಗಣಿತಜ್ಞ ಆಂಡ್ರ್ಯೂ ವೈಲ್ಸ್. ಫರ್ಮಾ ಎಂಬ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಮೂರನೇ ದಿನ, ಜೂನ್ 23ರಂದು, 350 ವರ್ಷಕ್ಕೂ ಜಾಸ್ತಿ ಕಾಲ ಬಗೆಹರಿಯದೆ ಉಳಿದಿದ್ದ ಫರ್ಮಾನ ಕೊನೆಯ ಪ್ರಮೇಯ ಎಂಬ ಗಣಿತದ ಒಗಟನ್ನು ಬಿಡಿಸಿದ್ದೇನೆ ಎಂದು, ಅದನ್ನು ಬೋರ್ಡಿನ ಮೇಲೆ ಬರೆದು ಅವರು ಮಾತು ನಿಲ್ಲಿಸಿದರು. ಕಥೆ ಅಲ್ಲಿಗೇ ಮುಗಿಯಲಿಲ್ಲ. ಪರಿಶೀಲನೆ ವೇಳೆ ಅವರ ಸಾಬೀತಿನಲ್ಲಿ ಒಂದು ಕಂದಕ ಕಾಣಿಸಿತು. 1994ರ ಸೆಪ್ಟೆಂಬರಿನಲ್ಲಿ, ರಿಚರ್ಡ್ ಟೇಲರ್ ಜೊತೆ ಸೇರಿ, ವೈಲ್ಸ್ ಅದನ್ನು ಮುಚ್ಚಿದರು. 1995ರಲ್ಲಿ ಅಚ್ಚಾಯಿತು. ಪಠ್ಯಪುಸ್ತಕದಲ್ಲಿ ಬರುವ ಹೊತ್ತಿಗೆ ವಿಜ್ಞಾನ ಒಣಗಿ ಗಟ್ಟಿಯಾಗಿರುತ್ತದೆ. ಸೆಮಿನಾರಿನಲ್ಲಿ ಅದಿನ್ನೂ ಹಸಿ. ನಾನು ಆ ಪುಟವನ್ನು ಬಿಡದೆ ಉಳಿಸಿಕೊಂಡಿರುವುದು ಇದಕ್ಕಾಗಿಯೇ.

ಹಸಿ ಇರುವುದರಿಂದಲೇ ಅಲ್ಲಿ ಪ್ರಶ್ನೆಗೆ ಬೆಲೆ. 1925ರ ಕೊನೆಯ ಹೊತ್ತಿಗೆ ಜ್ಯೂರಿಕ್‌ನ ಒಂದು ಕೊಲೊಕ್ವಿಯಂನಲ್ಲಿ ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್, ಕಣಗಳು ಅಲೆಗಳಂತೆಯೂ ವರ್ತಿಸುತ್ತವೆ ಎಂಬ ಡಿ ಬ್ರಾಯ್ ಅವರ ವಿಚಾರವನ್ನು ವಿವರಿಸಿದರು. ಆಗ ಪೀಟರ್ ಡಿಬೈ, ಅಲೆ ಅಂದಮೇಲೆ ಅದಕ್ಕೊಂದು ಅಲೆಯ ಸಮೀಕರಣ ಇರಬೇಕಲ್ಲ ಎಂಬರ್ಥದ ಮಾತು ಹೇಳಿದರು. ವಿದ್ಯಾರ್ಥಿಯಾಗಿ ಅಲ್ಲಿ ಕೂತಿದ್ದ ಫೆಲಿಕ್ಸ್ ಬ್ಲಾಖ್ ಮುಂದೆ ಇದನ್ನು ನೆನಪಿಸಿಕೊಂಡು ಬರೆದಿದ್ದಾರೆ. ಕೆಲವೇ ವಾರಗಳಲ್ಲಿ ಶ್ರೋಡಿಂಗರ್ ಅಂಥ ಸಮೀಕರಣದೊಂದಿಗೆ ಬಂದರು. ಡಿಬೈ ಕೇಳಿದ್ದರಲ್ಲಿ ಭಾರಿ ಗಣಿತವೇನೂ ಇರಲಿಲ್ಲ. ಕೇಳಿದ್ದನ್ನು ಹಾಗೆಯೇ ಬಿಡಲಿಲ್ಲ ಅಷ್ಟೆ. ನಿಮ್ಮ ಹುಡುಗನೂ ಬಿಟ್ಟಿರಲಿಲ್ಲ.

ಇನ್ನೊಬ್ಬ ಹುಡುಗನ ವಿಷಯ ಹೇಳಲೇಬೇಕು. ಕಮ್ಮಾರನ ಮಗ, ಪುಸ್ತಕದ ಬೈಂಡಿಂಗ್ ಕಲಿಯುತ್ತಿದ್ದ, ವಯಸ್ಸು ಇಪ್ಪತ್ತು. 1812ರಲ್ಲಿ ಅಂಗಡಿಗೆ ಬರುವ ಗಿರಾಕಿಯೊಬ್ಬರು ಅವನ ಕೈಗೆ ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್‌ನ ಟಿಕೆಟ್ ಕೊಟ್ಟರು. ಹಂಫ್ರಿ ಡೇವಿಯವರ ನಾಲ್ಕು ರಸಾಯನಶಾಸ್ತ್ರ ಉಪನ್ಯಾಸಗಳು. ಶಾಲೆಯ ಓದು ಅವನಿಗೆ ಅಷ್ಟಕ್ಕಷ್ಟೆ. ಅವನು ಕೂತು ಕೇಳಿದ, ಬರೆದುಕೊಂಡ, ಉಪಕರಣಗಳ ಚಿತ್ರ ಬಿಡಿಸಿದ. ಮನೆಗೆ ಬಂದು ಟಿಪ್ಪಣಿಯನ್ನು ತಿದ್ದಿ ಬರೆದು, ಸುಮಾರು 300 ಪುಟಗಳ ಪುಸ್ತಕವಾಗಿ ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. 1813ರ ಮಾರ್ಚ್‌ನಲ್ಲಿ ಅಲ್ಲೇ ಪ್ರಯೋಗಶಾಲೆಯ ಸಹಾಯಕನಾಗಿ ಸೇರಿದ. ಮೈಕೆಲ್ ಫ್ಯಾರಡೆ. ನಿಮ್ಮ ತರಗತಿಯಲ್ಲಿ ಸುರುಳಿಯೊಳಗೆ ಅಯಸ್ಕಾಂತ ತೂರಿಸಿ ತೋರಿಸುತ್ತೀರಲ್ಲ, ಆ ವಿದ್ಯುತ್ಕಾಂತ ಪ್ರೇರಣೆಯನ್ನು ಅವರು 1831ರಲ್ಲಿ ಕಂಡುಹಿಡಿದರು. ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಅದೇ ಸಂಸ್ಥೆಯಲ್ಲಿ 1825ರಲ್ಲಿ ಶುರುವಾದವು. ಫ್ಯಾರಡೆ ಅವುಗಳಲ್ಲಿ 19 ಸರಣಿ ಕೊಟ್ಟರು. ಒಂದು ಮೇಣದಬತ್ತಿ ಹಚ್ಚಿಟ್ಟು ಆರು ಉಪನ್ಯಾಸ ಮಾಡಿದ್ದೂ ಅದರಲ್ಲಿ ಸೇರಿದೆ. ಕೇಳುಗನಾಗಿ ಹಿಂದೆ ಕೂತಿದ್ದವರಿಗೆ ಕೇಳುಗರ ಕಷ್ಟ ಗೊತ್ತಿರುತ್ತದೆ, ಅಲ್ವಾ?

ಹಾಗಾದರೆ ಮುಂದಿನ ಸಲ ಏನು ಮಾಡುವುದು? ತಲೆಬರಹದ ಕೆಳಗೆ ಸಂಸ್ಥೆಯವರು ಕೊಡುವ ಅಬ್‌ಸ್ಟ್ರಾಕ್ಟ್, ಅಂದರೆ ಮಾತಿನ ಸಾರಾಂಶ, ಓದಿ. ಅದರ ಮೊದಲ ಎರಡು ವಾಕ್ಯ ಅರ್ಥವಾದರೆ ಧೈರ್ಯವಾಗಿ ಹೋಗಿ. ಹೋಗುವ ಮುಂಚೆ ಆಯೋಜಕರಿಗೆ ಒಂದು ಫೋನ್ ಮಾಡಿ, ‘ಶಾಲಾ ಮಕ್ಕಳು ಬರಬಹುದಾ, ಹೆಸರು ನೋಂದಾಯಿಸಬೇಕಾ’ ಎಂದು ಕೇಳಿ. ದಿನ, ಕೋಣೆ ಕೊನೆ ಗಳಿಗೆಯಲ್ಲಿ ಬದಲಾಗುವುದೂ ಉಂಟು. ಮಕ್ಕಳ ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಎಲ್ಲವನ್ನೂ ಬರೆದುಕೊಳ್ಳುವುದು ಬೇಡ. ಇವರು ಏನನ್ನು ಹುಡುಕುತ್ತಿದ್ದಾರೆ ಎಂಬುದು ಒಂದು ಸಾಲು. ಕಣ್ಣಿಗೆ ಕಟ್ಟಿದ ಒಂದು ಚಿತ್ರ. ಗೊತ್ತಿಲ್ಲದ ಒಂದೆರಡು ಪದ. ನಾನು ಮಾಡುವುದೂ ಇಷ್ಟೇ. ಗ್ರಾಫ್ ಬಂದರೆ ಗೆರೆಯನ್ನು ಬಿಟ್ಟು ಮೊದಲು ಎರಡು ಅಕ್ಷಗಳ ಮೇಲೆ ಏನು ಬರೆದಿದೆ ನೋಡಿ ಎಂದು ಮಕ್ಕಳಿಗೆ ಹೇಳಿ. ಅದು ನಿಮ್ಮ ಪಾಠವೇ. ಕೊನೆಯ ಪ್ರಶ್ನೋತ್ತರ ಮಾತ್ರ ತಪ್ಪಿಸಿಕೊಳ್ಳಬೇಡಿ. ಮಾತು ಅರ್ಥವಾಗದಿದ್ದರೂ, ದೊಡ್ಡವರು ‘ಇದು ನಮಗಿನ್ನೂ ಗೊತ್ತಿಲ್ಲ’ ಎಂದು ಎಲ್ಲರೆದುರು ಒಪ್ಪಿಕೊಳ್ಳುವುದನ್ನು ಮಕ್ಕಳು ನೋಡಲಿ. ತರಗತಿಯಲ್ಲಿ ಅದು ಅವರಿಗೆ ಸಿಗುವುದು ಅಪರೂಪ.

ನಮ್ಮ ಕಡೆಯಿಂದ ಒಂದು ಬದಲಾವಣೆ. ಮುಂದಿನ ಸಂಚಿಕೆಯಿಂದ ಪಟ್ಟಿಯ ಪ್ರತಿ ಉಪನ್ಯಾಸದ ಪಕ್ಕದಲ್ಲಿ ಅದು ಯಾವ ಬಗೆಯದು, ಯಾರಿಗಾಗಿ ಎಂದು ಬರೆಯುತ್ತೇವೆ. ಕೆಳಗೆ ಒಂದು ಸಾಲಿನಲ್ಲಿ ವಿಷಯವನ್ನು ತಿಳಿಗನ್ನಡದಲ್ಲಿ ಹೇಳುತ್ತೇವೆ. ಆ ಒಂದು ಸಾಲು ಬರೆಯಲು ನಮಗೇ ಆಗದಿದ್ದರೆ ವಕ್ತಾರರನ್ನೇ ಕೇಳಿ ಬರೆಸುತ್ತೇವೆ. ಇದನ್ನು ನಾವು ಮೊದಲೇ ಮಾಡಬೇಕಿತ್ತು. ಪುಟವನ್ನು ಮಾತ್ರ ತೆಗೆಯುವುದಿಲ್ಲ.

ಮತ್ತೆ ಆ ಹುಡುಗ. ಮುಚ್ಚಳದ ಬಗ್ಗೆ ನಾನು ಮೇಲೆ ಬರೆದದ್ದನ್ನು ಅವನಿಗೆ ಓದಿ ಹೇಳಿ, ಆದರೆ ಅಲ್ಲಿಗೇ ಬಿಡಬೇಡಿ. ಅವತ್ತು ಮಾತಾಡಿದವರ ಇಮೇಲ್ ವಿಳಾಸ ಸಂಸ್ಥೆಯಲ್ಲಿ ಕೇಳಿದರೆ ಸಿಗುತ್ತದೆ. ಅವನೇ ಬರೆಯಲಿ, ಎರಡೇ ಸಾಲು, ಕನ್ನಡದಲ್ಲಾದರೂ ಸರಿ: ನಾನು ಹತ್ತನೇ ಕ್ಲಾಸು, ನಿಮ್ಮ ಸೆಮಿನಾರಿಗೆ ಬಂದಿದ್ದೆ, ಮುಚ್ಚಳ ಇಲ್ಲದ ಡಬ್ಬ ಮಾಡಿ ನೋಡಿದ್ದೀರಾ, ಆಗ ಏನಾಗುತ್ತದೆ? ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ. ಆ ಪುಟದಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ