ತುರುಬಿನ ಕಡ್ಡಿಯ ನೀಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರಂಗೂನಿನಲ್ಲಿ ವ್ಯಾಪಾರಕ್ಕಿದ್ದ ನಮ್ಮ ಮುತ್ತಜ್ಜ ಊರಿಗೆ ಮರಳುವಾಗ ತಂದರೆನ್ನುವ ಚೀನೀ ಕೆಲಸದ ತುರುಬಿನ ಕಡ್ಡಿಯೊಂದು ಮನೆಯಲ್ಲಿದೆ. ಚಿನ್ನದ ನೀರು ಕುಡಿಸಿದ ಬೆಳ್ಳಿಯ ಮೇಲೆ ನೀಲಿ ಮೀನಾ ಕೆಲಸವಿದ್ದು, ಅಲ್ಲಲ್ಲಿ ಎದ್ದುಹೋಗಿದೆ. ಅದನ್ನು ಅಕ್ಕಸಾಲಿಗರಲ್ಲಿ ಅಂಟುವಾಳದ ನೀರಿನಿಂದ ತೊಳೆಸಿ, ಆಮೇಲೆ ಫೋಟೊ ತೆಗೆಯಬೇಕೆಂದಿದ್ದೇನೆ. ನನ್ನ ಬಳಿ ಮೊಬೈಲ್ ಇದೆ. ತಮ್ಮನ ಬಳಿ ತೀರಾ ಹತ್ತಿರದಿಂದ ಚಿತ್ರ ತೆಗೆಯುವ ಮ್ಯಾಕ್ರೊ ಲೆನ್ಸ್ ಇರುವ ಕ್ಯಾಮೆರಾ ಇದೆ. ಹೇಗೆ ತೆಗೆಯಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ತೊಳೆಸಬೇಡಿ. ನೀವು ಕಳಿಸಿದ ಚಿತ್ರ ಮಸುಕಾಗಿದ್ದರೂ, ನೀಲಿಯ ಮೇಲೆ ಬಾಚಿದ ಕೂದಲಿನಂತಹ ಸಣ್ಣ ಗೆರೆಗಳು ಕಾಣುತ್ತವೆ. ಮೀನಾ ಎಂದರೆ ಕರಗಿ ಗಟ್ಟಿಯಾದ ಗಾಜು; ಅದರಲ್ಲಿ ಇಂತಹ ಗೆರೆ ಇರುವುದಿಲ್ಲ. ನಿಮ್ಮ ಕಡ್ಡಿಯ ಮೇಲಿರುವುದು ಮಿಂಚುಳ್ಳಿ ಹಕ್ಕಿಯ ಗರಿ. ಚೀನೀ ಕುಶಲಕರ್ಮಿಗಳು ಗರಿಯನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ತಂತಿಯ ಅಂಚು ಕಟ್ಟಿದ ಮನೆಗಳೊಳಗೆ ಒಂದೊಂದಾಗಿ ಅಂಟಿಸುತ್ತಿದ್ದರು. 1644ರಿಂದ 1912ರವರೆಗೆ ಆಳಿದ ಚಿಂಗ್ ವಂಶದ ಕಾಲದಲ್ಲಿ ಅರಮನೆಯ ಹೆಂಗಸರ ಶಿರೋಭೂಷಣಗಳಿಗೂ ಮದುಮಗಳ ಕಿರೀಟಗಳಿಗೂ ಈ ಕೆಲಸವೇ ಶೋಭೆಯಾಗಿತ್ತು. ಕುಂದುವಾಡ ಕೆರೆಯ ದಂಡೆಯಲ್ಲಿ ಬೆಳಗ್ಗೆ ನಡೆದಾಡುವವರು ವಿದ್ಯುತ್ ತಂತಿಯ ಮೇಲೆ ಕಾಣುವ, ಎದೆಯಲ್ಲಿ ಬಿಳುಪಿರುವ ಮಿಂಚುಳ್ಳಿಯ ರೆಕ್ಕೆಯ ನೀಲಿಯನ್ನು ನೆನಪಿಸಿಕೊಂಡರೆ ಸಾಕು.

ಆ ನೀಲಿಯಲ್ಲಿ ಬಣ್ಣದ ಪುಡಿ ಏನೂ ಇಲ್ಲ. ಗರಿಯ ಒಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ಬಗೆಯಿಂದಲೇ ಅದು ನೀಲಿಯಾಗಿ ಕಾಣುತ್ತದೆ. ಆದ್ದರಿಂದ ನೂರು ವರ್ಷ ಕಳೆದರೂ ಬಣ್ಣ ಅಷ್ಟಾಗಿ ಮಾಸುವುದಿಲ್ಲ, ಆದರೆ ಗರಿಯೇ ಉಳಿಯುವ ಭರವಸೆ ಇಲ್ಲ. ಹುಳು ತಿನ್ನುತ್ತದೆ, ಬೆರಳು ಸವೆಸುತ್ತದೆ, ನೀರು ಅಂಟನ್ನು ಬಿಡಿಸುತ್ತದೆ. ಇಂತಹದೇ ಗರಿ ಕೆಲಸದ, ಚಿಟ್ಟೆಯಾಕಾರದ ಆಭರಣವೊಂದನ್ನು ಹಲವು ವರ್ಷಗಳ ಹಿಂದೆ ನಾನೇ ಅಂಟುವಾಳದ ನೊರೆಯಲ್ಲಿ ಅದ್ದಿ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದ್ದೆ. ಬ್ರಷ್ಷನ್ನು ಎತ್ತಿ ನೋಡಿದರೆ ಅದರ ಎಳೆಗಳ ನಡುವೆ ಅಕ್ಕಿಕಾಳಿನಷ್ಟು ಉದ್ದದ ನೀಲಿ ಚೂರೊಂದು ಸಿಕ್ಕಿಕೊಂಡಿತ್ತು. ಚಿಟ್ಟೆಯ ರೆಕ್ಕೆಯಲ್ಲಿ ಅದೇ ಅಳತೆಯ ಬೋಳು ತಗಡು ಹೊಳೆಯುತ್ತಿತ್ತು. ತೊಳೆಯುವ ಮೊದಲಿನ ಚಿತ್ರ ನನ್ನಲ್ಲಿ ಇರಲಿಲ್ಲವಾದ್ದರಿಂದ, ಆ ಚೂರು ಯಾವ ದಿಕ್ಕಿಗೆ ಕೂತಿತ್ತೆಂಬುದನ್ನು ಹೇಳುವವರೂ ಇರಲಿಲ್ಲ.

ಹಾಗಾಗಿ ಮೊದಲು ಚಿತ್ರ. ಧೂಳಿದ್ದರೆ ಧೂಳಿನೊಂದಿಗೇ ತೆಗೆಯಿರಿ. ಉತ್ತರ ದಿಕ್ಕಿನ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ ಮೇಜು ಹಾಕಿ. ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ. ಎದುರು ಬದಿಯಲ್ಲಿ ಬಿಳಿ ರಟ್ಟು ನಿಲ್ಲಿಸಿದರೆ ನೆರಳು ಹಗುರಾಗುತ್ತದೆ. ಹಿನ್ನೆಲೆಗೆ ನಮ್ಮ ಆಭರಣದಂಗಡಿಗಳ ಕೆಂಪು ಮಖಮಲ್ಲು ಬೇಡ: ಕೆಂಪು ಬಣ್ಣ ಚಿನ್ನದ ನೀರಿನ ಮೇಲೆ ಪ್ರತಿಫಲಿಸಿ ಹಳೆಯ ಬೆಳ್ಳಿಗೆ ತಾಮ್ರದ ಛಾಯೆ ತರುತ್ತದೆ. ಮಂಕು ಬೂದುಬಣ್ಣದ ಕಾಗದವೇ ಸಾಕು. ಅದೇ ಕಾರಣಕ್ಕೆ ನೀವು ಉಡುವ ಅಂಗಿಯೂ ಬೂದು ಅಥವಾ ಕಪ್ಪಾಗಿರಲಿ. ಫ್ಲಾಶ್ ಬಳಸಬೇಡಿ, ಎದುರಿನಿಂದ ಬೀಳುವ ಬೆಳಕಿನಲ್ಲಿ ತಂತಿಯ ಅಂಚು ಮಿಂಚುತ್ತದೆ, ಗರಿಯ ಗೆರೆಗಳು ಅಳಿಸಿಹೋಗುತ್ತವೆ. ಬೆಳಕು ಒಂದು ಬದಿಯಿಂದ ಓರೆಯಾಗಿ ಬೀಳುವಂತೆ ಕಡ್ಡಿಯನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ, ಒಂದು ಕೋನದಲ್ಲಿ ನೀಲಿ ತಾನಾಗಿ ಎದ್ದು ಬರುತ್ತದೆ, ಅಲ್ಲಿಯೇ ನಿಲ್ಲಿಸಿ.

ತಮ್ಮನ ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸ್ಪಂದನೆ) 100, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಎಫ್ 11ಕ್ಕೆ ಹೊಂದಿಸಿ, ಟೈಮರ್ ಹಾಕಿ ಕೈ ತೆಗೆಯಿರಿ. ವಸ್ತುವಿನ ಬಿಂಬ ಅದರ ನಿಜ ಅಳತೆಯಲ್ಲೇ ಕ್ಯಾಮೆರಾದೊಳಗಿನ ಸೆನ್ಸರಿನ ಮೇಲೆ ಬೀಳುವಷ್ಟು ಹತ್ತಿರ ಹೋದಾಗ, ಎಫ್ 11ರಲ್ಲಿಯೂ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಚಿಟ್ಟೆಯ ಮೀಸೆ ಚೊಕ್ಕಟವಾದರೆ ರೆಕ್ಕೆ ಮಸುಕಾಗುತ್ತದೆ. ಕಿಂಡಿಯನ್ನು ಇನ್ನೂ ಕಿರಿದುಮಾಡಿ ಎಫ್ 22ಕ್ಕೆ ಹೋದರೆ, ಬೆಳಕಿನ ವಿವರ್ತನೆಯಿಂದ, ಅಂದರೆ ಕಿಂಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ, ಇಡೀ ಚಿತ್ರವೇ ಮೆತ್ತಗಾಗುತ್ತದೆ. ಫೋಕಸನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹತ್ತು ಹನ್ನೆರಡು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸುವುದೇ ಇದಕ್ಕಿರುವ ದಾರಿ. ನಿಮ್ಮ ಕಡ್ಡಿಯ ತುದಿಯಲ್ಲಿ ಸುರುಳಿ ತಂತಿಯ ಮೇಲೆ ಹೂವುಗಳು ನಿಂತಿರುವಂತಿದೆ. ತೊಟ್ಟವರು ಹೆಜ್ಜೆಯಿಟ್ಟಾಗ ಅವು ನಡುಗಲೆಂದೇ ಹಾಗೆ ಮಾಡುತ್ತಿದ್ದರು. ಆದ್ದರಿಂದ ಸೀಲಿಂಗ್ ಫ್ಯಾನ್ ಆರಿಸಿ, ಒಂದು ನಿಮಿಷ ಕಾದು ಬಟನ್ ಒತ್ತಿ. ದಾವಣಗೆರೆಯ ಏಪ್ರಿಲ್‌ನಲ್ಲಿ ಇದು ಸಣ್ಣ ತಪಸ್ಸೇ ಸರಿ.

ಮೊಬೈಲಿನಲ್ಲಾದರೆ ತೀರಾ ಹತ್ತಿರ ಹಿಡಿಯದೆ ಒಂದು ಅಡಿ ದೂರದಿಂದ ಎರಡರಷ್ಟು ಹಿಗ್ಗಿಸಿ ತೆಗೆಯಿರಿ. ಹತ್ತಿರ ಹಿಡಿದರೆ ಆಕಾರ ಸೊಟ್ಟಗಾಗುತ್ತದೆ. ಮುಂಭಾಗ, ಹಿಂಭಾಗ, ಮುರಿದ ಜಾಗ, ಬೆಸುಗೆ, ಗುರುತಿನ ಮುದ್ರೆ ಎಲ್ಲವೂ ಬರಲಿ, ಒಂದು ಚಿತ್ರದಲ್ಲಿ ಅಳತೆಪಟ್ಟಿಯೂ ಇರಲಿ. ಹಿಂಭಾಗವನ್ನು ಯಾರೂ ತೆಗೆಯುವುದಿಲ್ಲ. ತಿಳಿದವರು ಮೊದಲು ಕೇಳುವುದು ಅದನ್ನೇ.

ಪ್ರಶ್ನೆ: ಹಳೆಯ ಚೀನೀ ಜೇಡ್ ಬಳೆಯೆಂದು ಹಸಿರು ಬಳೆಯೊಂದನ್ನು ಕೊಂಡಿದ್ದೇನೆ. ಒಬ್ಬರು ಗಾಜು ಎನ್ನುತ್ತಾರೆ, ಇನ್ನೊಬ್ಬರು ಅಸಲಿ ಎನ್ನುತ್ತಾರೆ. ಮನೆಯಲ್ಲಿಯೇ ಪರೀಕ್ಷಿಸಬಹುದೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಅರ್ಧದಷ್ಟು ಪರೀಕ್ಷಿಸಬಹುದು. ಜೇಡ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕಲ್ಲುಗಳಿವೆ. ಚೀನೀಯರು ಸಾವಿರಾರು ವರ್ಷಗಳಿಂದ ಕಡೆಯುತ್ತ ಬಂದದ್ದು ನೆಫ್ರೈಟ್. ಎಲ್ಲರೂ ಇಂದು ಆಸೆಪಡುವ ಉಜ್ವಲ ಹಸಿರಿನ ಜೇಡೈಟ್ ಬರ್ಮಾದಿಂದ ಹೇರಳವಾಗಿ ಅಲ್ಲಿಗೆ ಹೋಗತೊಡಗಿದ್ದು 18ನೆಯ ಶತಮಾನದಲ್ಲಿ. ಆದುದರಿಂದ ಉಜ್ವಲ ಹಸಿರು ಬಳೆಯನ್ನು ತೋರಿಸಿ ಸಾವಿರ ವರ್ಷದ ಕಥೆ ಹೇಳುವವರ ಅಂಗಡಿಯಿಂದ ನಮಸ್ಕಾರ ಹೇಳಿ ಹೊರಡಬಹುದು.

ಬಳೆಯಲ್ಲಿ ಲೋಹದ ಪಟ್ಟಿ, ಅಂಟು, ದಾರ ಯಾವುದೂ ಇಲ್ಲವಾದರೆ ಅದನ್ನು ಒಣಗಿದ್ದಾಗ ಗ್ರಾಂ ತಕ್ಕಡಿಯಲ್ಲಿ ತೂಗಿ. ಬಳಿಕ ಅದೇ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಂದು, ಬಳೆಯನ್ನು ತೆಳುವಾದ ದಾರದಲ್ಲಿ ಇಳಿಬಿಟ್ಟು, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಆಗ ಕಾಣುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. 52.8 ಗ್ರಾಂ ಬಳೆಗೆ ನೀರಿನಲ್ಲಿ 16 ಬಂದರೆ ಉತ್ತರ 3.3, ಅದು ಜೇಡೈಟಿನ ಸಾಂದ್ರತೆ, ನೆಫ್ರೈಟಿಗೆ 2.95ರ ಸುತ್ತ ಬರುತ್ತದೆ. ಸಾಮಾನ್ಯ ಗಾಜು 2.5ರ ಬಳಿ, ಜೇಡ್ ಎಂದು ಮಾರುವ ಹಸಿರು ಸರ್ಪೆಂಟೈನ್ 2.6ರ ಬಳಿ ನಿಲ್ಲುತ್ತವೆ.

ಆದರೆ ಆಮ್ಲದಲ್ಲಿ ತೊಳೆದು ಪಾಲಿಮರ್ ತುಂಬಿದ ಜೇಡೈಟ್ ಕೂಡ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗಬಹುದು. ವ್ಯಾಪಾರದಲ್ಲಿ ಅದಕ್ಕೆ ‘ಬಿ’ ದರ್ಜೆಯೆಂದೂ, ಬಣ್ಣ ಹಾಕಿದ್ದಕ್ಕೆ ‘ಸಿ’ ಎಂದೂ, ಹಾಗೇನೂ ಮಾಡದ ಕಲ್ಲಿಗೆ ‘ಎ’ ಎಂದೂ ಹೆಸರು. ಈ ವ್ಯತ್ಯಾಸವನ್ನು ಖಚಿತವಾಗಿ ಹೇಳಲು ಅವಗೆಂಪು ಪರೀಕ್ಷೆ ಮಾಡುವ ರತ್ನಪರೀಕ್ಷಾ ಪ್ರಯೋಗಾಲಯಕ್ಕೇ ಕಳಿಸಬೇಕು. ಕಳಿಸುವ ಮೊದಲು ಬಳೆಯ ಹಿಂದೆ ಟಾರ್ಚ್ ಹಿಡಿದು ಒಂದು ಚಿತ್ರ ತೆಗೆದಿಡಿ. ಬಿರುಕುಗಳೂ, ಬಣ್ಣ ಹಾಕಿದ್ದರೆ ಬಿರುಕಿನಲ್ಲಿ ಜಾಲದಂತೆ ನಿಂತ ಹಸಿರೂ ಆ ಬೆಳಕಿನಲ್ಲಿ ಕಾಣುತ್ತವೆ.

ಪ್ರಶ್ನೆ: ನಮ್ಮ ಪದಕದ ಹಿಂದೆ ರೋಮನ್ ಅಕ್ಷರಗಳಲ್ಲಿ ‘ಚೈನಾ’ ಎಂದಿದೆ. ಹಾಗಾದರೆ ಅದು ಈಚಿನದಲ್ಲವೇ? ಪರಿಚಯದವರೊಬ್ಬರು ಅದನ್ನು ವಿದೇಶದ ಕೊಳ್ಳುಗರಿಗೆ ಅಂಚೆಯಲ್ಲಿ ಕಳಿಸಲು ಹೇಳುತ್ತಿದ್ದಾರೆ. ಪದಕದಲ್ಲಿ ಐದು ಬಾವಲಿಗಳಿರುವುದರಿಂದ ಮನೆಯಲ್ಲಿಡುವುದೇ ಬೇಡವೆಂದು ಅತ್ತೆಯವರು ಹಟ ಹಿಡಿದಿದ್ದಾರೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಆಮದಾಗುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರು ಇರಬೇಕೆಂದು ಅಮೆರಿಕ 1890ರ ಸುಂಕದ ಕಾಯ್ದೆಯಲ್ಲಿ ವಿಧಿಸಿತು. ಆದ್ದರಿಂದ ಆ ಮುದ್ರೆಯಿದ್ದರೆ ವಸ್ತು ಬಹುತೇಕ ಆಮೇಲಿನದು, ಹೊರದೇಶಕ್ಕೆಂದು ಮಾಡಿದ್ದು; ನೂರು ವರ್ಷ ದಾಟಿರಲು ಅಡ್ಡಿಯೇನೂ ಇಲ್ಲ. ಮುದ್ರೆ ಇಲ್ಲದಿರುವುದು ಮಾತ್ರ ಯಾವುದಕ್ಕೂ ಸಾಕ್ಷಿಯಲ್ಲ.

ಅಂಚೆಗೆ ಹಾಕಬೇಡಿ. ನೂರು ವರ್ಷ ತುಂಬಿದ ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವುದನ್ನು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ನಿಷೇಧಿಸುತ್ತದೆ. ಅಷ್ಟು ಹಳೆಯದಲ್ಲವೆಂದು ನಿಮಗೆ ಅನಿಸಿದರೆ, ಅದು ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದು ಮುಂದುವರಿಯಿರಿ. ಗರಿಯೋ ದಂತವೋ ಇರುವ ವಸ್ತುವಾದರೆ ವನ್ಯಜೀವಿ ಕಾನೂನೂ ಸೇರಿಕೊಳ್ಳುವುದರಿಂದ ಅರಣ್ಯ ಇಲಾಖೆಯನ್ನು ಕೇಳದೆ ಮಾರಾಟದ ಮಾತೇ ಬೇಡ.

ಅತ್ತೆಯವರಿಗೆ ಹೀಗೆ ಹೇಳಿ ನೋಡಿ: ಚೀನೀ ಭಾಷೆಯಲ್ಲಿ ಬಾವಲಿಗೂ ಭಾಗ್ಯಕ್ಕೂ ‘ಫು’ ಎಂಬ ಒಂದೇ ಉಚ್ಚಾರ. ಐದು ಬಾವಲಿಗಳೆಂದರೆ ದೀರ್ಘಾಯುಸ್ಸು, ಸಿರಿ, ಆರೋಗ್ಯ, ಸದ್ಗುಣದ ಪ್ರೀತಿ ಮತ್ತು ಸುಖಮರಣವೆಂಬ ಐದು ಭಾಗ್ಯಗಳು. ನಮ್ಮ ಹಿರಿಯರು ಕೊನೆಗೆ ಬೇಡುತ್ತಿದ್ದ ಅನಾಯಾಸ ಮರಣವೂ ಆ ಪಟ್ಟಿಯಲ್ಲಿದೆಯೆಂದರೆ ಅವರ ಮನಸ್ಸು ಕರಗಬಹುದು. ಕರಗದಿದ್ದರೆ ಪದಕವನ್ನು ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ ನಿಮ್ಮ ಬೀರುವಿನಲ್ಲಿಡಿ. ರಬ್ಬರ್ ಬ್ಯಾಂಡ್ ಮಾತ್ರ ಹಾಕಬೇಡಿ, ಅದರಲ್ಲಿರುವ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ.