ಉದ್ದ ತೊಟ್ಟಿನ ಆ ಹಳದಿ ಹೂವು ಕಾಂಗ್ರೆಸ್ ಕಸವಲ್ಲ, ಗಬ್ಬು ಸಾವಂತಿ

ಕಲಬುರಗಿಯ ನಿಮ್ಮ ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ಮಳೆ ಬಿದ್ದಾಗಿನಿಂದ ನೆಲಕ್ಕಂಟಿ ಹಬ್ಬುತ್ತಿರುವ, ಉದ್ದ ತೊಟ್ಟಿನ ತುದಿಯಲ್ಲಿ ಒಂದೊಂದೇ ಹೂ ಬಿಡುವ ಗಿಡ ಯಾವುದು, ಅದು ಕಾಂಗ್ರೆಸ್ ಕಸವೇ, ಯಾವ ಔಷಧಿ ಹೊಡೆಯಬೇಕು ಎಂದು ಕೇಳಿದ್ದೀರಿ. ನೀವು ಹೇಳಿದ ಲಕ್ಷಣಗಳೆಲ್ಲ ಗಬ್ಬು ಸಾವಂತಿಗೆ, ಅಂದರೆ ಸಸ್ಯಶಾಸ್ತ್ರದ ಹೆಸರಿನಲ್ಲಿ ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್‌ಗೆ ಹೊಂದುತ್ತವೆ. ನಮ್ಮ ಗಡಿಸೀಮೆಯಲ್ಲಿ ಮರಾಠಿ ಮಾತಾಡುವ ಮಾಲಿ ಇದನ್ನು ಏಕದಂಡಿ ಎಂದಾನು, ತೆಲುಗಿನವನು ಗಡ್ಡಿ ಚಾಮಂತಿ ಎಂದಾನು, ಗಿಡ ಒಂದೇ.

ಒಂದು ಹೂವನ್ನು ಕಿತ್ತು ಅಂಗೈ ಮೇಲಿಟ್ಟು ನೋಡಿ. ನಡುವೆ ಹಳದಿ ಗುಂಡಿ, ಸುತ್ತ ಐದಾರು ಕೆನೆಬಣ್ಣದ ಎಸಳುಗಳು, ಪ್ರತಿ ಎಸಳಿನ ತುದಿಯಲ್ಲಿ ಸೀಳಿದಂತೆ ಮೂರು ಹಲ್ಲುಗಳು ಕಂಡರೆ ಅನುಮಾನ ಬೇಡ. ಎಲೆಗಳು ಎದುರುಬದುರಾಗಿದ್ದು, ಅಂಚು ಗರಗಸದಂತೆಯೂ ಮೈ ರೋಮದಿಂದ ಒರಟಾಗಿಯೂ ಇರುತ್ತದೆ. ಕಾಂಗ್ರೆಸ್ ಕಸದ ಎಲೆಯಾದರೋ ಗಜ್ಜರಿ ಸೊಪ್ಪಿನಂತೆ ಆಳವಾಗಿ ಸೀಳಿರುತ್ತದೆ, ಗಿಡ ನೆಟ್ಟಗೆ ಬೆಳೆದು ಬಿಳಿಯ ಪುಟ್ಟ ಹೂಗಳನ್ನು ಗೊಂಚಲಾಗಿ ಬಿಡುತ್ತದೆ. ಅದನ್ನು ಕೀಳುವಾಗ ಕೈಗವಸು ಬೇಕೇ ಬೇಕು. ಇದಕ್ಕೆ ಆ ಭಯವಿಲ್ಲ. ಹಳ್ಳಿಗಳಲ್ಲಿ ಗಾಯಕ್ಕೆ ಇದರ ಎಲೆಯ ರಸ ಹಿಂಡುವ ರೂಢಿಯೂ ಉಂಟು.

ನಾನು ಮೊದಲ ವರ್ಷ ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಹೂವಿದ್ದ ಗಿಡಗಳನ್ನು ಕಿತ್ತು ಕಾಂಪೌಂಡಿನ ಮೂಲೆಯಲ್ಲಿ ಗುಡ್ಡೆ ಹಾಕಿದ್ದೆ. ಕೆಲವೇ ದಿನಗಳಲ್ಲಿ ಆ ಹೂಗಳು ಬಾಡುತ್ತಲೇ ಬಲಿತು ಬೂದುಬಣ್ಣದ ಪುಕ್ಕದ ಉಂಡೆಗಳಾದವು, ಗಾಳಿ ಬೀಸಿದಾಗ ಬೀಜಗಳೆಲ್ಲ ಹಾರಿ ಮರಳಿ ಅದೇ ಹುಲ್ಲಿನ ಮೇಲೆ ಬಂದು ಕೂತವು. ಆದ್ದರಿಂದ ಮೊದಲು ಹೂಗಳನ್ನೆಲ್ಲ ಚಿವುಟಿ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಹೊರಗೆ ಸಾಗಿಸಿರಿ. ಗಿಡ ಕೀಳುವುದು ಆಮೇಲೆ.

ಕೀಳಲು ಮಳೆ ನಿಂತ ಒಂದೆರಡು ದಿನಗಳ ಬಳಿಕದ ಹದ ಒಳ್ಳೆಯದು. ನಮ್ಮ ಕರಿಮಣ್ಣು ಹಸಿಯಿದ್ದರೆ ಕುರ್ಪಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಲ್ಲಾಗಿ ಬೇರು ನಡುವೆಯೇ ತುಂಡಾಗುತ್ತದೆ. ಹಬ್ಬಿದ ಕಾಂಡವು ಗೆಣ್ಣುಗಳಲ್ಲಿಯೂ ಬೇರು ಬಿಟ್ಟಿರುವುದರಿಂದ ನಡುವಿನ ಬುಡವನ್ನಷ್ಟೇ ಕಿತ್ತರೆ ಸಾಲದು, ಕವಲುಗಳನ್ನು ತುದಿಯವರೆಗೂ ಎಬ್ಬಿಸಬೇಕು. ಕುಳಿ ಬಿದ್ದಲ್ಲಿ ಅಂದೇ ಗರಿಕೆಯ ಬೇರುತುಂಡು ನೆಡಿರಿ, ಏಕೆಂದರೆ ಹುಲ್ಲು ತೆಳುವಾದ ಜಾಗವನ್ನೇ ಈ ಕಸ ಹಿಡಿಯುತ್ತದೆ. ಮಷಿನ್ನನ್ನು ತೀರ ಕೆಳಗಿಳಿಸಿ ಕತ್ತರಿಸುವುದರಿಂದ ಹುಲ್ಲು ಸೊರಗುತ್ತದೆಯೇ ಹೊರತು ನೆಲಕ್ಕಂಟಿದ ಗಬ್ಬು ಸಾವಂತಿ ಬ್ಲೇಡಿಗೆ ಸಿಗುವುದಿಲ್ಲ.

ಔಷಧಿಯ ಬಗ್ಗೆ ನನ್ನ ಅಭಿಪ್ರಾಯ ಬೇಡವೆಂದೇ. ಗ್ಲೈಫೋಸೇಟ್ ಎಂಬ ಕಳೆನಾಶಕ ನಿಮ್ಮ ಹುಲ್ಲನ್ನೂ ಸುಡುತ್ತದೆ. 2,4-ಡಿ ಎಂಬ ಇನ್ನೊಂದು ಕಳೆನಾಶಕ ಹುಲ್ಲನ್ನು ಬಿಟ್ಟು ಅಗಲ ಎಲೆಯ ಕಳೆಯನ್ನು ಕೊಲ್ಲುತ್ತದೆ, ನಿಜ. ಆದರೆ ಅದರ ಎಸ್ಟರ್ ಎಂಬ ರಾಸಾಯನಿಕ ರೂಪವು ನಮ್ಮ ಬಿಸಿಲಿಗೆ ಆವಿಯಾಗಿ ತೇಲುತ್ತದೆ, ಮತ್ತು ತೊಗರಿ, ಹತ್ತಿ, ಟೊಮ್ಯಾಟೊ ಎಲ್ಲವೂ ಅಗಲ ಎಲೆಯವೇ. ಪಕ್ಕದ ಮನೆಯ ಟೊಮ್ಯಾಟೊ ಎಲೆಗಳು ಮುರುಟಿಕೊಂಡ ಮೇಲೆ ಜಗಳಕ್ಕೆ ಮದ್ದಿಲ್ಲ. ನೀವು ಹೇಳಿದ ಇಪ್ಪತ್ತು ಅಡಿ ಉದ್ದಗಲದ ಜಾಗಕ್ಕೆ ಒಂದು ಕುರ್ಪಿ, ಎರಡು ಚೀಲ, ಮೂರು ಬೆಳಗಿನ ಕೆಲಸ ಸಾಕಾಗುತ್ತದೆ. ಆಮೇಲೆ ವಾರಕ್ಕೊಮ್ಮೆ ಹೊಸ ಹೂವಿದೆಯೇ ಎಂದು ನೋಡುತ್ತಿರಿ.