ಟೀ ಕುಡಿದ ಕೂಡಲೇ ಸಿಗರೇಟ್ ನೆನಪಾದರೆ

ನನ್ನ ತಮ್ಮ ಸಿಗರೇಟ್ ಬಿಟ್ಟು ನಾಲ್ಕು ದಿನ ಆಯಿತು, ಟೀ ಕುಡಿದ ಕೂಡಲೇ ಚಡಪಡಿಸುತ್ತಾನೆ, ಸಿಗರೇಟ್ ಬಿಡಲು ಅಗಿಯುವ ನಿಕೋಟಿನ್ ಗಮ್ ಅಗಿದರೆ ಬಿಕ್ಕಳಿಕೆ ಬರುತ್ತದೆ ಅಂತ ಕೇಳಿದ್ದೀರಿ.

ಮೊದಲು ಗಮ್ ವಿಷಯ. ಬಹುಶಃ ಅದನ್ನು ಬಬಲ್ ಗಮ್ ಥರ ಒಂದೇ ಸಮನೆ ಅಗಿಯುತ್ತಿದ್ದಾನೆ. ನಾನೂ ಮೊದಲ ದಿನ ಹಾಗೇ ಮಾಡಿ, ಮೀಟಿಂಗಿನಲ್ಲಿ ಬಿಕ್ಕಳಿಸುತ್ತಾ ಕೂತಿದ್ದೆ! ನಿಧಾನವಾಗಿ ಅಗಿಯಬೇಕು. ನಾಲಿಗೆ ಚುರುಚುರು ಅಂದ ತಕ್ಷಣ ನಿಲ್ಲಿಸಿ, ಕೆನ್ನೆ ಒಳಗೆ ಒಸಡಿನ ಪಕ್ಕ ಇಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ಸ್ವಲ್ಪ ಅಗಿಯುವುದು. ಹೀಗೆ ಅರ್ಧ ಗಂಟೆ. ರಸ ಗಟಗಟ ನುಂಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ. ಟೀ, ಕಾಫಿ ಕುಡಿದು 15 ನಿಮಿಷ ಕಳೆಯುವವರೆಗೆ ಗಮ್ ಬೇಡ, ಬಾಯಿ ನಿಕೋಟಿನ್ ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಟೀ ಅಂಗಡಿಯೇ ದೊಡ್ಡ ತಲೆನೋವು, ಅಲ್ವಾ? ಬೈಟು ಟೀ, ಪಕ್ಕದಲ್ಲಿ ಲೈಟರ್ ಕಟ್ಟಿದ ದಾರ, ಜೊತೆಗೆ ಅದೇ ಗೆಳೆಯರು. ಸದ್ಯಕ್ಕೆ ಆ ಕಡೆ ಹೋಗೋದೇ ಬೇಡ. ಎರಡು ವಾರ ಮಜ್ಜಿಗೆ ಕುಡಿಯಲಿ. ಆಸೆ ಎದ್ದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ನಿಮಗೆ ಫೋನ್ ಮಾಡಲಿ. ನೀವು ಬುದ್ಧಿ ಹೇಳಬೇಡಿ, ಸುಮ್ನೆ ಕ್ರಿಕೆಟ್ ಮಾತಾಡಿ.

ಮೊದಲ ವಾರ ಸಿಡುಕು, ನಿದ್ದೆಗೆಡುವುದು ಜಾಸ್ತಿ. ಅದು ಸಹಜ. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿಸಿ, ಕರೆಗೆ ದುಡ್ಡು ಬೀಳಲ್ಲ. ಈ ನಂಬರ್ ಸಿಗರೇಟ್ ಪ್ಯಾಕಿನ ಮೇಲೇ ಇರುತ್ತದೆ, ನಾನು ವರ್ಷಗಟ್ಟಲೆ ನೋಡಿಯೂ ಓದಿರಲಿಲ್ಲ. ಹೃದಯದ ತೊಂದರೆ ಏನಾದರೂ ಇದ್ದರೆ ಗಮ್ ಬಗ್ಗೆ ಡಾಕ್ಟರನ್ನು ಕೇಳಿಬಿಡಿ.